ಡೇಟಿಂಗ್ ಆ್ಯಪ್: ಏನನ್ನು ಮುಚ್ಚಿಡಬಾರದು, ಏನನ್ನು ಸದ್ಯಕ್ಕೆ ಹೇಳಬೇಕಿಲ್ಲ

ನನಗೆ ಬರುವ ಪತ್ರಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಗಂಡುಮಕ್ಕಳು ಬರೆಯುವುದು ಹೀಗೆ: “ಆರು ತಿಂಗಳಾಯ್ತು ಮೇಡಂ, ಒಂದು ಮ್ಯಾಚೂ ಆಗಿಲ್ಲ. ಹೈಟು, ಸಂಬಳ ಸ್ವಲ್ಪ ಏರಿಸಿ ಹಾಕಿದ್ರೆ ತಪ್ಪಾ?” ಹೆಣ್ಣುಮಕ್ಕಳು ಬರೆಯುವುದು ಹೀಗೆ: “ಪೂರ್ತಿ ಹೆಸರು, ಕೆಲಸ ಮಾಡೋ ಜಾಗ ಹಾಕೋಕೆ ಭಯ ಆಗತ್ತೆ. ಹಾಕ್ದೇ ಇದ್ರೆ ನಾನೂ ಸುಳ್ಳು ಹೇಳಿದ ಹಾಗಾಗಲ್ವಾ?”

ಮೊದಲನೆಯವರಿಗೆ ನನ್ನ ಉತ್ತರ: ಹೌದು, ತಪ್ಪು. ಎರಡನೆಯವರಿಗೆ: ಖಂಡಿತ ಆಗಲ್ಲ. ಗುಟ್ಟಾಗಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ. ಯಾವ ವಿಷಯ ಗೊತ್ತಾದರೆ ಎದುರಿನವರು ನಿಮ್ಮ ಜೊತೆ ಮುಂದುವರಿಯುವ ಮನಸ್ಸನ್ನೇ ಬದಲಿಸಬಹುದೋ, ಅದನ್ನು ಮುಚ್ಚಿಡುವಂತಿಲ್ಲ: ಮದುವೆ ಆಗಿರುವುದು, ಮಗು ಇರುವುದು, ನಿಜವಾದ ವಯಸ್ಸು, ಮದುವೆಯ ಯೋಚನೆಯೇ ಇಲ್ಲದಿರುವುದು. ಯಾವ ವಿಷಯ ಗೊತ್ತಾದರೆ ಅಪರಿಚಿತರು ಹೇಳದೆ ಕೇಳದೆ ನಿಮ್ಮ ಬಾಗಿಲಿಗೆ ಬಂದು ನಿಲ್ಲಬಹುದೋ, ಅದನ್ನು ನಂಬಿಕೆ ಬರುವ ತನಕ ಹೇಳಬೇಕಿಲ್ಲ: ಮನೆ ಇರುವ ರಸ್ತೆ, ಪಿಜಿ ಹೆಸರು, ಕಂಪನಿ, ಫೋನ್ ನಂಬರ್. ಈ ಜರಡಿ ಕೈಯಲ್ಲಿದ್ದರೆ ಮುಂದಿನ ಹಂತಗಳಲ್ಲಿ ಅರ್ಧ ಅನುಮಾನ ತಾನಾಗಿ ಬಗೆಹರಿಯುತ್ತದೆ.

ಶುರು ಮಾಡುವ ಮುನ್ನ ಬೇಕಾಗುವುದು: ನಿಮಗೆ 18 ತುಂಬಿರಬೇಕು. ಕಳೆದ ಒಂದು ವರ್ಷದಲ್ಲಿ ತೆಗೆದ ನಾಲ್ಕೈದು ಫೋಟೋ ಬೇಕು. ನೀವು ಆ್ಯಪ್‌ನಲ್ಲಿರುವುದು ಗೊತ್ತಿರುವ, ಗೊತ್ತಾದರೂ ಊರಿಗೆಲ್ಲ ಸಾರದ ಒಬ್ಬ ಗೆಳತಿಯೋ ಗೆಳೆಯನೋ ಬೇಕು. ಈ ಕೊನೆಯದನ್ನು ಬಿಟ್ಟು ಶುರು ಮಾಡಬೇಡಿ.

ಕೆಲವು ಮಾತುಗಳ ಅರ್ಥವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವೈಪ್ ಎಂದರೆ ಪ್ರೊಫೈಲನ್ನು ಬೆರಳಿನಿಂದ ಬಲಕ್ಕೆ ಸರಿಸಿ ಒಪ್ಪುವುದು, ಎಡಕ್ಕೆ ಸರಿಸಿ ಬಿಡುವುದು. ಇಬ್ಬರೂ ಒಪ್ಪಿದರೆ ಮ್ಯಾಚ್. ಸಾಮಾನ್ಯವಾಗಿ ಆಮೇಲೆಯೇ ಮಾತುಕತೆ. ಪ್ರಾಂಪ್ಟ್ ಎಂದರೆ ಆ್ಯಪ್ ಕೊಡುವ ಅರ್ಧ ವಾಕ್ಯ. ಉಳಿದರ್ಧ ನೀವು ತುಂಬಬೇಕು. ಘೋಸ್ಟಿಂಗ್ ಎಂದರೆ ಒಂದು ಮಾತೂ ಹೇಳದೆ ಮಾಯವಾಗುವುದು. ಕ್ಯಾಟ್‌ಫಿಶಿಂಗ್ ಎಂದರೆ ಬೇರೆಯವರ ಫೋಟೋ, ಹೆಸರು ಹಾಕಿಕೊಂಡು ನಟಿಸುವುದು.

1. ಏನು ಬೇಕೆಂದು ಮೊದಲು ನಿಮಗೇ ಹೇಳಿಕೊಳ್ಳಿ

ಆ್ಯಪ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಒಂದೇ ಸಾಲು ಬರೆಯಿರಿ: “ನನಗೆ ಬೇಕಾಗಿರುವುದು…” ಎರಡು ವರ್ಷದೊಳಗೆ ಮದುವೆಯೋ, ಮದುವೆಯ ಮಾತು ಆಮೇಲೆ ನೋಡೋಣ ಎನ್ನುವ ಗಟ್ಟಿ ಸಂಬಂಧವೋ, ಹೊಸ ಊರಿನಲ್ಲಿ ಸ್ನೇಹವೋ, ಬಂಧನವಿಲ್ಲದ ಒಡನಾಟವೋ. ಯಾವುದಾದರೂ ಇರಲಿ, ವಯಸ್ಕರಿಬ್ಬರೂ ತಿಳಿದು ಒಪ್ಪಿದ್ದರೆ ಅದರಲ್ಲಿ ತಪ್ಪಿಲ್ಲ. ಒಂದನ್ನು ಬಯಸುತ್ತ ಇನ್ನೊಂದನ್ನು ಬರೆದಾಗ ಮೋಸ ಶುರುವಾಗುತ್ತದೆ.

ಇಲ್ಲಿ ಗಂಡು ಹೆಣ್ಣು ತಪ್ಪುವ ರೀತಿ ಬೇರೆ ಬೇರೆ. ಮದುವೆ ಎಂದರೆ ಮಾತ್ರ ಹುಡುಗಿಯರು ಉತ್ತರ ಕೊಡುತ್ತಾರೆ ಅಂದುಕೊಂಡು, ಆ ಯೋಚನೆಯೇ ಇಲ್ಲದ ಹುಡುಗ ‘ಸೀರಿಯಸ್ ರಿಲೇಶನ್‌ಶಿಪ್’ ಎಂದು ಗುರುತು ಹಾಕುತ್ತಾನೆ. ಮದುವೆ ಎಂದರೆ ಹುಡುಗರು ಓಡಿಹೋಗುತ್ತಾರೆ ಅಂದುಕೊಂಡು, ಅದನ್ನೇ ಬಯಸುವ ಹುಡುಗಿ ‘ನೋಡೋಣ’ ಎಂದು ಬರೆಯುತ್ತಾಳೆ. ಇಬ್ಬರೂ ಎದುರಿನವರ ಮನಸ್ಸನ್ನು ಊಹಿಸಿ ಬರೆದವರೇ. ಇಂಥ ಇಬ್ಬರು ಮ್ಯಾಚ್ ಆದರೆ ಮೂರು ತಿಂಗಳಾದ ಮೇಲೆ ನೋವು ತಪ್ಪಿದ್ದಲ್ಲ.

2. ಫೋಟೋಗಳನ್ನು ಆರಿಸಿ

ಮೊದಲ ಫೋಟೋದಲ್ಲಿ ನೀವೊಬ್ಬರೇ ಇರಿ. ಮುಖ ಕಾಣಲಿ, ತಂಪು ಕನ್ನಡಕ ಬೇಡ. ಒಂದಾದರೂ ನಿಂತಿರುವ ಪೂರ್ತಿ ಫೋಟೋ ಇರಲಿ. ಮುಖವನ್ನು ನುಣುಪು ಮಾಡುವ, ಬಣ್ಣ ತಿಳಿಯಾಗಿಸುವ ಫಿಲ್ಟರ್ ಬೇಡ. ಕಪ್ಪಗಿದ್ದೀನಿ ಎಂದು ಬಣ್ಣ ತಿದ್ದಿಕೊಂಡ ಹುಡುಗಿಯರ ಪತ್ರ ಓದುವಾಗ ನನಗೆ ಸಂಕಟವಾಗುತ್ತದೆ. ತಿದ್ದಿದ ಬಣ್ಣಕ್ಕೆ ಮರುಳಾಗಿ ಬಂದವನು ನಿಮ್ಮನ್ನು ನೋಡಲು ಬಂದವನಲ್ಲ.

ಈಗ ಫೋಟೋದ ಹಿನ್ನೆಲೆ ನೋಡಿ. ಗಂಡುಮಕ್ಕಳು ಇದನ್ನು ಯೋಚಿಸುವುದೇ ಇಲ್ಲ, ಹೆಣ್ಣುಮಕ್ಕಳು ಯೋಚಿಸಲೇಬೇಕು. ಒಂದು ಸಾಮಾನ್ಯ ಫೋಟೋ ತೆಗೆದುಕೊಳ್ಳೋಣ: ಮನೆ ಮುಂದೆ ಸ್ಕೂಟರ್ ಪಕ್ಕ ನಿಂತ ಹುಡುಗಿ. ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್, ಅದರ ಪಟ್ಟಿಯ ಮೇಲೆ ಕಂಪನಿಯ ಹೆಸರು. ಸ್ಕೂಟರಿನ ನಂಬರ್ ಪ್ಲೇಟಿನಲ್ಲಿ ಕೆಎ 09 ಎಂದಿದ್ದರೆ ಗಾಡಿ ಮೈಸೂರು ಪಶ್ಚಿಮದ್ದು ಎಂದು ಗೊತ್ತಾಯಿತು. ಗೇಟಿನ ಮೇಲೆ ಮನೆಯ ಹೆಸರು, ಪಕ್ಕದ ಅಂಗಡಿಯ ಬೋರ್ಡಿನಲ್ಲಿ ಬಡಾವಣೆಯ ಹೆಸರು. ಒಂದು ಸಾಲೂ ಬರೆಯದೆ ಆ ಫೋಟೋ ವಿಳಾಸ ಕೊಟ್ಟುಬಿಟ್ಟಿದೆ. ಇನ್‌ಸ್ಟಾಗ್ರಾಂನಲ್ಲಿ ಇರುವ ಫೋಟೋವನ್ನೇ ಇಲ್ಲೂ ಹಾಕಬೇಡಿ. ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಅಂತರ್ಜಾಲದಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿ ತೋರಿಸಬಹುದು. ಆ್ಯಪ್‌ಗೆಂದೇ ಹೊಸದಾಗಿ ತೆಗೆಸಿಕೊಳ್ಳಿ. ಅಣ್ಣ, ತಂಗಿ, ಅಕ್ಕನ ಮಗು, ಗೆಳತಿಯರ ಗುಂಪು, ಯಾರನ್ನೂ ಅವರನ್ನು ಕೇಳದೆ ಹಾಕಬೇಡಿ.

ಹೆಸರಿನ ವಿಷಯವೂ ಹಾಗೆಯೇ. ಬಂಬಲ್ ಎಂಬ ಡೇಟಿಂಗ್ ಆ್ಯಪ್ 2018ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಾಗ, ಇಲ್ಲಿನ ಹೆಣ್ಣುಮಕ್ಕಳು ಹೆಸರಿನ ಮೊದಲ ಅಕ್ಷರ ಮಾತ್ರ ತೋರಿಸಲು ಅವಕಾಶ ಕೊಟ್ಟಿತು. ಹೆಣ್ಣೇ ಮೊದಲು ಮಾತಾಡಲಿ ಎಂಬ ನಿಯಮದ ಮೇಲೆ ನಿಂತ ಆ್ಯಪ್‌ಗೂ ಇಲ್ಲಿ ಹೆಣ್ಣಿನ ಹೆಸರನ್ನು ಕಾಪಾಡಬೇಕು ಎನ್ನಿಸಿತು. ಪೂರ್ತಿ ಹೆಸರು ಹಾಕದ ಹುಡುಗಿಯನ್ನು ‘ಫೇಕ್’ ಎನ್ನುವ ಹುಡುಗರು ಇದನ್ನು ಗಮನಿಸಬೇಕು.

3. ನಾಲ್ಕು ಸಾಲು ಬರೆಯಿರಿ

ಸುಳ್ಳು ಎಲ್ಲರೂ ಹೇಳುತ್ತಾರಲ್ಲ ಎಂದು ನೀವು ವಾದಿಸಬಹುದು. ಅದಕ್ಕೆ ಆಧಾರವೂ ಇದೆ. ನ್ಯೂಯಾರ್ಕಿನ 80 ಮಂದಿ ಡೇಟಿಂಗ್ ತಾಣದ ಬಳಕೆದಾರರನ್ನು ಕರೆಸಿ, ಎತ್ತರ ಅಳೆದು, ತೂಕ ನೋಡಿ, ವಯಸ್ಸನ್ನು ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಶೇ 81 ಮಂದಿ ಮೂರರಲ್ಲಿ ಒಂದನ್ನಾದರೂ ತಪ್ಪಾಗಿ ಬರೆದಿದ್ದರು. ಗಂಡಸರು ಎತ್ತರ ಏರಿಸಿದ್ದರು, ಹೆಂಗಸರು ತೂಕ ಇಳಿಸಿದ್ದರು. ಆದರೆ ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ಹೆಚ್ಚು ಮುಖ್ಯ: ವ್ಯತ್ಯಾಸಗಳು ಹೆಚ್ಚಾಗಿ ಬಹಳ ಸಣ್ಣವು. ಮುಂದೊಂದು ದಿನ ಎದುರುಬದುರು ಕೂರಬೇಕಲ್ಲ! ಐದಡಿ ಆರಿಂಚು ಇರುವವರು ಐದಡಿ ಹತ್ತಿಂಚು ಎಂದು ಬರೆದರೆ ಹೋಟೆಲ್ ಬಾಗಿಲಲ್ಲೇ ಗೊತ್ತಾಗುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಅವರು ಅನುಮಾನದಿಂದಲೇ ಕೇಳುತ್ತಾರೆ.

ಗಂಡುಮಕ್ಕಳ ಪ್ರೊಫೈಲ್‌ಗಳಲ್ಲಿ ನಾನು ಹೆಚ್ಚಾಗಿ ನೋಡುವ ಬರಹ ಇದು: “ಸಿಂಪಲ್ ಹುಡುಗ. ಟ್ರಾವೆಲ್, ಮ್ಯೂಸಿಕ್, ಫುಡಿ. ಡ್ರಾಮಾ ಕ್ವೀನ್‌ಗಳು ದೂರ ಇರಿ.” ಇದರಲ್ಲಿ ಆ ಹುಡುಗ ಎಲ್ಲೂ ಇಲ್ಲ, ಅವನ ಸಿಟ್ಟು ಮಾತ್ರ ಇದೆ. ಅದನ್ನೇ ಹೀಗೆ ಬರೆಯಬಹುದು: “ದಾವಣಗೆರೆಯವನು, ಕೆಲಸಕ್ಕೆಂದು ಬೆಂಗಳೂರಿಗೆ ಬಂದು ನಾಲ್ಕು ವರ್ಷ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹುಡುಕಿಕೊಂಡು ಹೋಗ್ತೀನಿ, ಊರಿನ ರುಚಿ ಇನ್ನೂ ಸಿಕ್ಕಿಲ್ಲ. ಅಡುಗೆ ಈಗ ಕಲೀತಿದ್ದೀನಿ, ಅನ್ನ ಸಾರು ಬರತ್ತೆ. ಒಂದೆರಡು ವರ್ಷದಲ್ಲಿ ಮದುವೆ ಆಗೋ ಯೋಚನೆ ಇದೆ.” ಊರು ಹೇಳಿದ್ದಾನೆ, ವಿಳಾಸ ಹೇಳಿಲ್ಲ. ಬರುವುದನ್ನೂ ಹೇಳಿದ್ದಾನೆ, ಬರದಿರುವುದನ್ನೂ ಹೇಳಿದ್ದಾನೆ. ಮಾತು ಶುರು ಮಾಡಲು ಎದುರಿನವರಿಗೆ ಕನಿಷ್ಠ ಮೂರು ಎಳೆ ಸಿಕ್ಕಿತು. ಕನ್ನಡದಲ್ಲೇ ಬರೆಯಿರಿ. ಕನ್ನಡ ಮಾತಾಡುವವರನ್ನೇ ಹುಡುಕುತ್ತ ಇಂಗ್ಲಿಷಿನಲ್ಲಿ ಪ್ರೊಫೈಲ್ ಬರೆಯುವವರು ಎಷ್ಟೊಂದು ಮಂದಿ.

ಹೆಣ್ಣುಮಕ್ಕಳು ಬರೆಯುವಾಗ ಬೀಳುವ ಗುಂಡಿ ಬೇರೆ: ಯಾರಿಗೂ ಇರುಸುಮುರುಸಾಗದ ಹಾಗೆ ಬರೆಯುವುದು. ರಾತ್ರಿ ಪಾಳಿ ಮಾಡುತ್ತೀರಾ, ಮದುವೆಯಾದರೂ ಕೆಲಸ ಬಿಡುವುದಿಲ್ಲವಾ, ಮಕ್ಕಳು ಬೇಡವಾ, ವಿಚ್ಛೇದನ ಆಗಿದೆಯಾ? ಬರೆಯಿರಿ. ಮ್ಯಾಚ್ ಕಡಿಮೆಯಾಗುತ್ತವೆ, ನಿಜ. ಕಡಿಮೆಯಾದವರು ಹೇಗೂ ಆಮೇಲೆ ಹೋಗುವವರೇ.

4. ‘ಮನೇಲಿ ಒಪ್ಪಲ್ಲ’ ಎಂಬ ಮಾತನ್ನು ಕೊನೆಗೆ ಉಳಿಸಿಕೊಳ್ಳಬೇಡಿ

ಈ ಹಂತಕ್ಕೆ ದಯವಿಟ್ಟು ಹೆಚ್ಚು ಸಮಯ ಕೊಡಿ. ನಮ್ಮಲ್ಲಿ ಅತಿ ಹೆಚ್ಚು ಗಾಯ ಮಾಡುವ ಅಪ್ರಾಮಾಣಿಕತೆ ಎತ್ತರ, ತೂಕದ್ದಲ್ಲ. ಎರಡು ವರ್ಷ ಓಡಾಡಿ, ಕೊನೆಗೆ “ನಮ್ಮ ಮನೇಲಿ ಒಪ್ಪಲ್ಲ, ಅಪ್ಪಾಜಿಗೆ ನೋವು ಕೊಡೋಕಾಗಲ್ಲ” ಎನ್ನುವುದು. ಜಾತಿಯ ಹೊರಗೆ ಮದುವೆಯಾಗುವ ಧೈರ್ಯ ತನಗಿಲ್ಲ ಎಂಬುದು ಹೀಗೆ ಹೇಳುವವರಿಗೆ ಮೊದಲ ವಾರದಲ್ಲೇ ಗೊತ್ತಿತ್ತು. ಹೇಳಲಿಲ್ಲ, ಅಷ್ಟೆ.

ಹಳೇ ಮೈಸೂರು ಕಡೆ ಎಷ್ಟೋ ಮಂದಿಯ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುವುದರಿಂದ ಜಾತಿ ತಿಳಿಯುವುದಿಲ್ಲ. ಹಾಗಾಗಿ ಪ್ರಶ್ನೆ ಬಳಸಿಕೊಂಡು ಬರುತ್ತದೆ: “ಮನೆದೇವರು ಯಾವುದು?” “ನಾನ್‌ವೆಜ್ ತಿಂತೀರಾ?” “ನಿಮ್ಮ ಕಡೆ ಮದುವೆ ಹೇಗೆ ಮಾಡ್ತಾರೆ?” ಇಂಥ ಪ್ರಶ್ನೆ ನಿಮಗೆ ಬಂದರೆ ನೇರವಾಗಿ ಕೇಳಿ: “ಇದು ಊಟದ ಪ್ರಶ್ನೆಯೋ ಜಾತಿಯ ಪ್ರಶ್ನೆಯೋ?” ಉತ್ತರ ಕೊಡುವ ರೀತಿಯಲ್ಲೇ ಮನುಷ್ಯ ಅರ್ಥವಾಗುತ್ತಾರೆ.

ನಿಮ್ಮ ಕಡೆಯಿಂದ ಮಾಡಬೇಕಾದದ್ದು: ಜಾತಿಯೊಳಗೇ ಆಗಬೇಕು ಎಂದು ಮನೆಯಲ್ಲಿ ಹಟವಿದ್ದರೆ ಮತ್ತು ನೀವು ಅದನ್ನು ಮೀರುವವರಲ್ಲದಿದ್ದರೆ, ಎರಡನೇ ಭೇಟಿ ಮುಗಿಯುವ ಮೊದಲು ಹೇಳಿ. ಹೀಗೆ ಹೇಳಬಹುದು: “ನಿಮ್ಮ ಜೊತೆ ಮಾತಾಡೋದು ಇಷ್ಟ ಆಗಿದೆ. ಆದ್ರೆ ಮನೆಯವರನ್ನ ಎದುರು ಹಾಕಿಕೊಂಡು ಬೇರೆ ಜಾತೀಲಿ ಮದುವೆ ಆಗೋಷ್ಟು ಗಟ್ಟಿ ನಾನಿಲ್ಲ. ಇದು ಗೊತ್ತಿದ್ದು ಮುಂದುವರಿಬೇಕಾ ಅಂತ ನೀವೇ ಯೋಚಿಸಿ.” ಈ ಮಾತು ಹೇಳಲು ನಾಚಿಕೆಯಾಗುತ್ತದೆ ಎನ್ನುತ್ತೀರಿ. ಆಗಲಿ. ಆ ನಾಚಿಕೆ ನಿಮ್ಮ ಪಾಲಿನದು, ಅದನ್ನು ಎದುರಿನವರ ಎರಡು ವರ್ಷದ ಬದುಕಿನಿಂದ ತೀರಿಸಬೇಡಿ.

ಕಾನೂನಿನ ಒಂದು ಮಾತೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್ ಪ್ರಕಾರ, ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣಿನೊಂದಿಗೆ ದೈಹಿಕ ಸಂಬಂಧ ಬೆಳೆಸಿದರೆ 10 ವರ್ಷದವರೆಗೆ ಜೈಲು ಆಗಬಹುದು. ಮದುವೆ ಎಂಬ ಪದವನ್ನು ಬಾಯಿಮಾತಿಗೆ ಬಳಸುವ ಗಂಡುಮಕ್ಕಳಿಗೆ ಇದು ತಿಳಿದಿರಲಿ.

5. ಮೊದಲ ಮೆಸೇಜ್

ನಮ್ಮ ದೇಶದಲ್ಲಿ ಈ ಆ್ಯಪ್‌ಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರದಕ್ಕಿಂತ ಬಹಳ ಹೆಚ್ಚು. ಎರಡೂ ಕಡೆಯ ಕಷ್ಟ ಹುಟ್ಟುವುದು ಇಲ್ಲಿಂದಲೇ. ಹುಡುಗನಿಗೆ ಉತ್ತರವೇ ಬರುವುದಿಲ್ಲ, ಆದ್ದರಿಂದ ಕಂಡ ಪ್ರೊಫೈಲ್‌ಗಳನ್ನೆಲ್ಲ ಬಲಕ್ಕೆ ತಳ್ಳಿ ಎಲ್ಲರಿಗೂ ‘ಹಾಯ್ ಡಿಯರ್’ ಕಳಿಸುತ್ತಾನೆ. ಹುಡುಗಿಯ ಫೋನಿನಲ್ಲಿ ಇಂಥ ಹಾಯ್‌ಗಳು ರಾಶಿ ಬೀಳುತ್ತವೆ, ಅವಳು ಓದುವುದನ್ನೇ ಬಿಡುತ್ತಾಳೆ. ಉತ್ತರ ಬಾರದ್ದನ್ನು ಅವನು ಸೊಕ್ಕು ಎಂದುಕೊಳ್ಳುತ್ತಾನೆ.

ಗಂಡುಮಕ್ಕಳೇ, ದಿನಕ್ಕೆ ಐದೇ ಪ್ರೊಫೈಲ್ ಪೂರ್ತಿ ಓದಿ, ಒಬ್ಬರಿಗೇ ಬರೆಯಿರಿ. ಅವರು ಬರೆದದ್ದರಲ್ಲಿ ಒಂದು ಎಳೆ ಹಿಡಿಯಿರಿ: “ಶಿರಸಿಯವರು ಅಂತ ನೋಡ್ದೆ. ತೊಡದೇವು ಬೆಂಗಳೂರಲ್ಲಿ ಎಲ್ಲಾದ್ರೂ ಚೆನ್ನಾಗಿರೋದು ಸಿಗತ್ತಾ?” ಮೈಕಟ್ಟಿನ ಮಾತು ಬೇಡ. ‘ಡಿಯರ್’, ‘ಬೇಬಿ’ ಬೇಡ. ಮೊದಲಿಗೆ ‘ನೀವು’ ಅನ್ನಿ. ‘ನೀನು’ ಅನ್ನಬಹುದಾ ಎಂದು ಕೇಳುವ ದಿನ ತಾನಾಗಿ ಬರುತ್ತದೆ. ಎರಡು ದಿನ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಎರಡನೇ ಮೆಸೇಜಿನಲ್ಲಿ ಬೈಯುವವರು ಆ ಹುಡುಗಿಯ ಹೆದರಿಕೆ ಸರಿಯೆಂದು ತಾವೇ ತೋರಿಸಿಕೊಟ್ಟಂತೆ.

ಹೆಣ್ಣುಮಕ್ಕಳೇ, ಹುಡುಗನೇ ಮೊದಲು ಮಾತಾಡಬೇಕು ಎಂದು ಕಾಯುತ್ತ ಕೂರಬೇಡಿ. ನಿಮಗಿಷ್ಟವಾದವರಿಗೆ ನೀವೇ ಬರೆದರೆ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ.

6. ಎದುರಿನವರು ಹೇಳಿಕೊಂಡಂತೆಯೇ ಇದ್ದಾರಾ, ನೋಡಿಕೊಳ್ಳಿ

ಪ್ರೊಫೈಲ್ ಪಕ್ಕದ ಟಿಕ್ ಗುರುತನ್ನು ಜನ ಅತಿಯಾಗಿ ನಂಬುತ್ತಾರೆ. ಫೋಟೋ ಪರಿಶೀಲನೆಯ ಆ ಟಿಕ್ ಹೇಳುವುದು ಇಷ್ಟೇ: ಸೆಲ್ಫಿಯ ಮುಖವೂ ಪ್ರೊಫೈಲಿನ ಮುಖವೂ ಒಂದೇ. ಮದುವೆ ಆಗಿಲ್ಲ, ಕೆಲಸ ನಿಜ, ಒಳ್ಳೆಯವರು ಎಂದೆಲ್ಲ ಅದು ಹೇಳುವುದಿಲ್ಲ.

ಹಾಗಾಗಿ ಭೇಟಿಗೆ ಮೊದಲು ಹತ್ತು ನಿಮಿಷದ ವಿಡಿಯೋ ಕಾಲ್ ಮಾಡಿ, ಆ್ಯಪ್‌ನಲ್ಲೇ ಆ ಸೌಲಭ್ಯವಿದ್ದರೆ ಅದರಲ್ಲೇ. ಎರಡು ಮೂರು ಸಲ ಕ್ಯಾಮೆರಾ ಕೆಟ್ಟಿದೆ ಎಂದರೆ ಅಲ್ಲಿಗೆ ನಿಲ್ಲಿಸಿ. ರಾತ್ರಿ ಹತ್ತರ ನಂತರ ಮತ್ತು ವಾರಾಂತ್ಯದಲ್ಲಿ ಫೋನ್ ಎತ್ತಲೇ ಆಗದವರಿಗೆ ಮನೆಯಲ್ಲಿ ಸಂಸಾರವಿದೆಯೇ ಎಂದು ಕೇಳಲು ಸಂಕೋಚ ಬೇಡ.

ಹಣದ ಮಾತು ಬಂದಲ್ಲಿ ಮಾತ್ರ ಯಾವ ಅನುಮಾನಕ್ಕೂ ಎಡೆ ಬೇಡ. ವಿದೇಶದ ಡಾಕ್ಟರ್ ಉಡುಗೊರೆ ಕಳಿಸಿದ್ದಾರೆ, ಕಸ್ಟಮ್ಸ್‌ನವರಿಗೆ ಶುಲ್ಕ ಕಟ್ಟಿ ಎಂಬ ಕರೆ, ತಿಂಗಳುಗಟ್ಟಲೆ ಸವಿಮಾತಾಡಿ ಆಮೇಲೆ ‘ನನ್ನ ಹಾಗೆ ನೀನೂ ಹಾಕು’ ಎಂದು ತೋರಿಸುವ ಟ್ರೇಡಿಂಗ್ ಆ್ಯಪ್, ಆಸ್ಪತ್ರೆಯ ತುರ್ತು. ಮುಖಾಮುಖಿ ನೋಡದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಈ ಬಲೆಗೆ ಗಂಡಸರೂ ಬೀಳುತ್ತಾರೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ ಯುವಕನೊಬ್ಬ ಆ್ಯಪ್‌ನಲ್ಲಿ ಸಿಕ್ಕ ಹುಡುಗಿಯ ಜೊತೆ ಅವಳು ಹೇಳಿದ ಕೆಫೆಗೆ ಹೋದ. ಅವಳು ಕಾರಣ ಹೇಳಿ ಎದ್ದುಹೋದಳು, ಅವನ ಮುಂದೆ 1.2 ಲಕ್ಷ ರೂಪಾಯಿಗೂ ಹೆಚ್ಚಿನ ಬಿಲ್ ಬಂತು. ಕೆಫೆಯವರೂ ಅವಳೂ ಸೇರಿ ಮಾಡಿದ ಮೋಸ ಎಂದು ಪೊಲೀಸರು ಹೇಳಿದರು. ಜಾಗವನ್ನು ಇಬ್ಬರೂ ಸೇರಿ ಆರಿಸಿ, ಮೆನು ಬೆಲೆ ಮೊದಲೇ ನೋಡಿ.

7. ಮೊದಲ ಭೇಟಿ

ಹಗಲು ಹೊತ್ತು, ಜನ ಓಡಾಡುವ ಜಾಗ, ಒಂದು ಗಂಟೆ. ಬೆಂಗಳೂರಿನಲ್ಲಾದರೆ ಮೆಟ್ರೊ ನಿಲ್ದಾಣದ ಹತ್ತಿರದ ಜಾಗ ಒಳ್ಳೆಯದು: ಚರ್ಚ್ ಸ್ಟ್ರೀಟ್, ಜಯನಗರ 4ನೇ ಬ್ಲಾಕ್ ಕಡೆ. ಬರುವುದು ಹೋಗುವುದು ನಿಮ್ಮದೇ ಗಾಡಿಯಲ್ಲೋ ಮೆಟ್ರೊದಲ್ಲೋ ಇರಲಿ. ಅವರ ಬೈಕ್ ಹತ್ತಬೇಡಿ, ಮನೆವರೆಗೆ ಬಿಡುತ್ತೇನೆ ಎಂದರೂ ಬೇಡ. ನಿಮ್ಮ ಗೆಳತಿಗೆ ಜಾಗ, ಸಮಯ, ಅವರ ಪ್ರೊಫೈಲಿನ ಸ್ಕ್ರೀನ್‌ಶಾಟ್ ಮತ್ತು ಲೈವ್ ಲೊಕೇಶನ್ ಕಳಿಸಿ.

ಸಣ್ಣ ಊರುಗಳಲ್ಲಿ ಇದೇ ಸಲಹೆ ಹಾಗೇ ನಡೆಯುವುದಿಲ್ಲ. ಜನ ಓಡಾಡುವ ಜಾಗದಲ್ಲೇ ಚಿಕ್ಕಪ್ಪನೋ ಪಕ್ಕದ ಮನೆಯವರೋ ಸಿಗುತ್ತಾರೆ. ಕರಾವಳಿಯಲ್ಲಿ ಅನೈತಿಕ ಪೊಲೀಸ್‌ಗಿರಿಯ ಭಯವೂ ಇದೆ. ಅದಕ್ಕಾಗಿ ಏಕಾಂತದ ಜಾಗ ಹುಡುಕಿಕೊಂಡು ಹೋಗಬೇಡಿ, ಅಪಾಯ ಹೆಚ್ಚುವುದು ಅಲ್ಲೇ. ಹತ್ತಿರದ ದೊಡ್ಡ ಊರಿನ ಮಾಲ್‌ನ ಫುಡ್ ಕೋರ್ಟ್ ವಾಸಿ. ಯಾರಾದರೂ ಅಡ್ಡಗಟ್ಟಿ ವಿಡಿಯೋ ಮಾಡಲು ಬಂದರೆ ವಾದಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ.

ಬಿಲ್ ಯಾರು ಕೊಡಬೇಕು? ಮೊದಲ ಭೇಟಿಯಲ್ಲಿ ಅರ್ಧರ್ಧ. ಕೊಟ್ಟವನಿಗೆ ಹಕ್ಕು ಬಂದಂತೆ ಅನಿಸಬಾರದು, ತಿಂದವಳಿಗೆ ಋಣ ಬಿದ್ದಂತೆ ಅನಿಸಬಾರದು. ಮುಟ್ಟುವ ಮೊದಲು, ಕೈ ಹಿಡಿಯುವುದಕ್ಕೂ, ಬಾಯಿಬಿಟ್ಟು ಕೇಳಿ. ಸುಮ್ಮನಿದ್ದರೆ ಒಪ್ಪಿಗೆ ಎಂದಲ್ಲ.

8. ಕೈಮೀರಿದರೆ

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು, ನಿಮ್ಮ ಜಿಲ್ಲೆಯ ಸೆನ್ ಠಾಣೆಗೂ ಹೋಗಬಹುದು. ಸೆನ್ ಎಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆ. ಸಿಟ್ಟಿನಲ್ಲಿ ಚಾಟ್ ಅಳಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಆ್ಯಪ್‌ಗೆ ರಿಪೋರ್ಟ್, ಕೊನೆಗೆ ಬ್ಲಾಕ್.

ಬೇರೆಯವರ ಹೆಸರಿನಲ್ಲಿ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಬೇಡವೆಂದ ಮೇಲೂ ಹೆಣ್ಣಿನ ಬೆನ್ನು ಬೀಳುವುದು ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆ ಇದೆ. ಖಾಸಗಿ ಫೋಟೋ ಹರಡುತ್ತೇನೆ ಎಂದು ಹೆದರಿಸಿ ಹಣ ಕೇಳಿದರೆ ಅದು ಸುಲಿಗೆ, 308ನೇ ಸೆಕ್ಷನ್. ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುತ್ತಾರೆ. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ತಾಣವಿದೆ. ಫೋಟೋ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಒಂದು ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಅದನ್ನಿಟ್ಟುಕೊಂಡು, ಜೊತೆಗೂಡಿರುವ ಜಾಲತಾಣಗಳು ಆ ಫೋಟೋವನ್ನು ಪತ್ತೆಮಾಡಿ ತಡೆಯುತ್ತವೆ.

ಗಂಡಸರನ್ನು ಪ್ರೀತಿಸುವ ಗಂಡಸರಿಗೆ ಒಂದು ಮಾತು. ಭೇಟಿಗೆ ಕರೆಸಿ, ನಾಲ್ಕು ಜನ ಸುತ್ತುವರಿದು, ‘ಪೊಲೀಸರಿಗೆ ಹೇಳ್ತೀವಿ’ ಎಂದು ದೋಚುವ ಗುಂಪುಗಳಿವೆ. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಅಪರಾಧ ಮಾಡಿದವರು ಅವರು, ದೂರುದಾರರು ನೀವು.

9. ಬೇಡ ಎನಿಸಿದಾಗ

ಒಂದು ಸಲ ಭೇಟಿಯಾದವರನ್ನು ಘೋಸ್ಟ್ ಮಾಡಬೇಡಿ. ಎರಡು ಸಾಲು ಸಾಕು: “ಭೇಟಿಯಾಗಿದ್ದು ಖುಷಿ. ಆದ್ರೆ ಮುಂದುವರಿಯೋ ಮನಸ್ಸು ನನಗಿಲ್ಲ, ನಿಮಗೆ ಒಳ್ಳೇದಾಗ್ಲಿ.” ಯಾಕೆ ಎಂದು ಪದೇ ಪದೇ ಕೇಳಿದರೆ ವಿವರಣೆ ಕೊಡುವ ಹೊಣೆ ನಿಮಗಿಲ್ಲ. ಭಯ ಹುಟ್ಟಿಸಿದವರಿಗೆ ಈ ಎರಡು ಸಾಲೂ ಬೇಕಿಲ್ಲ, ನೇರ ಬ್ಲಾಕ್ ಮಾಡಿ. ನಿಮಗೇ ‘ಬೇಡ’ ಎಂದು ಬಂದರೆ “ಹೇಳಿದ್ದಕ್ಕೆ ಥ್ಯಾಂಕ್ಸ್” ಎಂದು ಬರೆದು ಅಲ್ಲಿಗೆ ಬಿಡಿ. ಇನ್‌ಸ್ಟಾಗ್ರಾಂನಲ್ಲಿ ಹುಡುಕಬೇಡಿ.

ಸರಿಯಾದವರು ಸಿಕ್ಕರೂ ಸಿಗದೆ ಬೇಸತ್ತರೂ, ಹೊರಬರುವಾಗ ಒಂದು ಕೆಲಸ ಮರೆಯಬೇಡಿ. ಫೋನಿನಿಂದ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ನಿಮ್ಮ ಖಾತೆ ಅಳಿಯುವುದಿಲ್ಲ. ಪ್ರೊಫೈಲ್ ಆಮೇಲೂ ಬೇರೆಯವರಿಗೆ ಕಾಣಬಹುದು, ನಿಮ್ಮ ಸಂಗಾತಿಯ ಗೆಳತಿಗೂ ಕಾಣಬಹುದು. ಮೊದಲು ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಡಿಲೀಟ್ ಅಕೌಂಟ್’ ಒತ್ತಿ. ಹಣ ಕಟ್ಟುವ ಚಂದಾ ತೆಗೆದುಕೊಂಡಿದ್ದರೆ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನ ಸಬ್‌ಸ್ಕ್ರಿಪ್ಶನ್ ಪಟ್ಟಿಯಲ್ಲಿ ಅದನ್ನು ಬೇರೆಯಾಗಿ ರದ್ದು ಮಾಡಿ, ಇಲ್ಲದಿದ್ದರೆ ಖಾತೆ ಹೋದರೂ ಹಣ ಕಡಿತವಾಗುತ್ತಲೇ ಇರುತ್ತದೆ. ಇವೆರಡೂ ಆದ ಮೇಲೆ ಆ್ಯಪ್ ತೆಗೆದುಹಾಕಿ.